ತಳ್ಳಿದರೆ ಏಳುವ ಗಾಡಿ

ಜನವರಿ 13, ಬೆಳಿಗ್ಗೆ 8.40, ಸ್ಟಾಫ್ ರೂಮ್

ಇವತ್ತೂ ಅದೇ. ಕೀ ತಿರುಗಿಸಿದರೆ ಕಾರು ಟಕ್ ಅಂದು ಸುಮ್ಮನಾಯಿತು. ಮಧ್ಯಾಹ್ನದ ಬಿಸಿಲಿಗೆ ತಾನಾಗಿ ಏಳುತ್ತದೆ, ಬೆಳಗಿನ ಚಳಿಗೆ ಮಾತ್ರ ಈ ಮೊಂಡುತನ. ಇವರು ಹಿಂದಿನಿಂದ ತಳ್ಳಿದರು. ಎರಡನೇ ಗೇರ್‌ನಲ್ಲಿ ಕ್ಲಚ್ ಬಿಟ್ಟೆ, ಗಾಡಿ ಮೈ ಕೊಡವಿಕೊಂಡು ಎದ್ದಿತು. ಕನ್ನಡಿಯಲ್ಲಿ ಮಂಜು, ಮಂಜಿನೊಳಗೆ ಇವರು.

ಇವರ ಅಕ್ಕನ ಮನೆಗೆ ಹೋಗುವ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಇಪ್ಪತ್ತು ದಿನ. ಒಂದನೇ ತಾರೀಕಿಗೆ ಮನೆ ಬಿಟ್ಟು ಬಾಡಿಗೆ ರೂಮಿಗೆ ಹೋಗುತ್ತಾರಂತೆ. ಮುಖ ಕೊಟ್ಟು ಮಾತಿಲ್ಲ. ಆದರೆ ಏಳೂವರೆಗೆ ಮಫ್ಲರ್ ಸುತ್ತಿಕೊಂಡು ತಳ್ಳಲು ಬರುತ್ತಾರೆ.

ಜನವರಿ 17

"ಬಿಡು ಈಗ" ಅಂದರು. ಕ್ಲಚ್ ಬಿಡಲು. ಇಡೀ ದಿನಕ್ಕೆ ಅಷ್ಟೇ ಮಾತು. ಪಾಠ ಮಾಡುವಾಗಲೂ ಕಿವಿಯಲ್ಲಿ ಅದೇ... ನಾಚಿಕೆಯಾಗಬೇಕು ನನಗೆ, ಈ ವಯಸ್ಸಿಗೆ.

ಜನವರಿ 22, ಮಧ್ಯಾಹ್ನ

ಇವರು ಹೋದ ಮೇಲೆ ತಳ್ಳುವವರು ಯಾರು? ಮೆಕ್ಯಾನಿಕ್‌ನನ್ನು ಶಾಲೆಗೇ ಕರೆಸಿದೆ. ಬ್ಯಾಟರಿಯ ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆದ, ಮೀಟರ್ ಇಟ್ಟು ತಲೆಯಾಡಿಸಿದ.

"ಬ್ಯಾಟರಿ ಮುಗಿದಿದೆ ಮೇಡಂ. ಇಷ್ಟು ದಿನ ಹೇಗೆ ಓಡಿಸಿದ್ರಿ?"

"ತಳ್ಳೋರು ಇದ್ದಾರೆ" ಅಂದೆ.

ಹೊಸದು ಹಾಕಿದ. ಅರ್ಧ ಗಂಟೆ ಕೆಲಸ. ಕೀ ಮುಟ್ಟಿದ್ದೇ ತಡ, ಸ್ಟಾರ್ಟ್. ಖುಷಿಯಾಗಬೇಕಿತ್ತು — ನಾಳೆಯಿಂದ ತಳ್ಳುವವರು ಬೇಡ.

ಜನವರಿ 23

ಹೇಳಲಿಲ್ಲ. ಕೀ ಪೂರ್ತಿ ತಿರುಗಿಸಲೇ ಇಲ್ಲ. "ಆಗ್ತಿಲ್ಲ" ಅಂದೆ, ಕಿಟಕಿಯಿಂದ. ಹಸಿ ಸುಳ್ಳು. ತಳ್ಳಿದರು. ಬೀದಿಯ ಕೊನೆಯವರೆಗೂ ಕ್ಲಚ್ ಒತ್ತಿಯೇ ಕೂತಿದ್ದೆ. ಗಾಡಿ ಸದ್ದಿಲ್ಲದೆ ತೇಲುತ್ತಿತ್ತು, ಇವರ ಹೆಜ್ಜೆಯ ಸದ್ದು ಮಾತ್ರ. ಹೀಗೇ ಹೋಗುತ್ತಿರಲಿ ಅನ್ನಿಸಿತು... ಶಾಲೆ ದಾಟಿ, ಊರು ದಾಟಿ.

ಜನವರಿ 31, ಸಂಜೆ

ದಾರಿಯಲ್ಲಿ ಮೆಕ್ಯಾನಿಕ್ ಸಿಕ್ಕ.

"ಸಾರ್ ಹೋದ ವಾರ ಅಂಗಡಿಗೆ ಬಂದಿದ್ರು, ಬ್ಯಾಟರಿ ಬೇಕು ಅಂತ. ಮೇಡಂ ಆಗ್ಲೇ ಹಾಕಿಸಿದ್ದಾರಲ್ಲ ಅಂದೆ. ನಕ್ಕೊಂಡು ಹೋದ್ರು."

ಹೋದ ವಾರ. ಅಂದರೆ ಗೊತ್ತಿದ್ದೂ ಇಷ್ಟು ದಿನ ತಳ್ಳಿದ್ದಾರೆ. ಇವತ್ತು ಬೆಳಿಗ್ಗೆ ಕೂಡ.

ಹಾಲ್‌ನಲ್ಲಿ ಸೂಟ್‌ಕೇಸ್ ಇದೆ. ತುಂಬಿದ್ದಾರೋ ಇಲ್ಲವೋ, ಎತ್ತಿ ನೋಡುವ ಧೈರ್ಯವಿಲ್ಲ.

ಫೆಬ್ರವರಿ 1, ಬೆಳಿಗ್ಗೆ 7.30, ಗಾಡಿಯಲ್ಲಿ

ಕರೆದಿಲ್ಲ. ತಾವೇ ಬಂದು ಹಿಂದೆ ನಿಂತಿದ್ದಾರೆ. ಕೈ ಡಿಕ್ಕಿಯ ಮೇಲೆ. ಪಕ್ಕದ ಸೀಟಿನ ಮೇಲಿದ್ದ ಪುಸ್ತಕಗಳನ್ನು ಹಿಂದಕ್ಕೆ ಹಾಕಿದೆ. ಆ ಕಡೆಯ ಬಾಗಿಲು ತೆರೆದಿಟ್ಟೆ. ಕೀ ಪೂರ್ತಿ ತಿರುಗಿಸಿದೆ. ಒಂದೇ ಸಲಕ್ಕೆ ಎದ್ದಿತು. ಕನ್ನಡಿಯಲ್ಲಿ ನೋಡುತ್ತಿದ್ದೇನೆ — ಕೈ ತೆಗೆದರು. ಮಫ್ಲರ್ ಬಿಚ್ಚುತ್ತಾ ಈ ಕಡೆಗೇ