ಬಾವಿಗೆ ಸುರಿದ ಮೂರು ಕೊಡ ನೀರು

ದೇವರಾಯಸಮುದ್ರ
೧೯೪೪ನೇ ಇಸವಿ, ಬುಧವಾರ ಮಧ್ಯಾಹ್ನ

ಯಲ್ದೂರಿನ ಸೋದರಮಾವನ ಮನೆಯಲ್ಲಿ ತಲೆಮರೆಸಿಕೊಂಡಿರುವ ತಮ್ಮ ಚನ್ನರಾಯಪ್ಪನಿಗೆ, ಅಕ್ಕ ಶಾಮಲಮ್ಮನ ಆಶೀರ್ವಾದ. ಬೈಗುಳ ಆಮೇಲೆ ಇದೆ.

ಅಲ್ಲ ಕಣೋ, ಮಾಡದ ತಪ್ಪನ್ನು ಒಪ್ಪಿಕೊಂಡು ಓಡಿಹೋಗುವ ಬುದ್ಧಿ ನಿನಗೆ ಯಾರು ಕೊಟ್ಟರು? ಬಾವಿ ತೋಡಿದರೆ ಖರ್ಚಿನಲ್ಲಿ ಅರ್ಧ ಸರ್ಕಾರದ್ದು, ಅದನ್ನು ತೀರಿಸಬೇಕಾಗಿಲ್ಲ ಎಂದು ಕೇಳಿದ ದಿನ ನೀನು ಮುದ್ದೆ ಬಿಟ್ಟು ಎದ್ದು ಅರ್ಜಿ ಹಾಕಲು ಹೊರಟವನು. ಐದು ತಿಂಗಳು ಬಂಡೆ ಒಡೆದೆ. ಹೋದ ಗುರುವಾರ ಮೊಣಕಾಲುದ್ದ ನೀರು ಬಂತು. ಕಂದಾಯದ ಇನ್ಸ್‌ಪೆಕ್ಟರು ಬಂದು ನೀರು ನೋಡಿ ಬರೆದುಕೊಂಡರೆ ಹಣ ಮಂಜೂರು, ಅಷ್ಟೇ ಉಳಿದಿತ್ತು.

ಅವರು ಶನಿವಾರವೇ ಬರುತ್ತಾರೆಂದು ನನಗೇನು ಕನಸು ಬಿದ್ದಿತ್ತೇ? ಹೊಸ ಬಾವಿಗೆ ಹಳೇ ಕೆರೆಯ ನೀರು ತೋರಿಸದಿದ್ದರೆ ಗಂಗಮ್ಮ ಮುನಿಯುತ್ತಾಳೆ ಎಂದು ಅಮ್ಮ ಹೇಳುತ್ತಿದ್ದಳು. ಮನೆಯ ಮಗಳು ಮೂರು ಕೊಡ ತಂದು ಸುರಿಯಬೇಕು, ದೀಪ ಹಚ್ಚುವವರೆಗೆ ತುಟಿ ಬಿಚ್ಚಬಾರದು. ಸುರಿದು ಕೊಡ ಕೆಳಗಿಟ್ಟೆ, ಅಷ್ಟರಲ್ಲಿ ಅವರ ಸೈಕಲ್ಲು ಬಂತು.

ಒದ್ದೆಯಾದ ದಡ, ಕೊಡ, ಕೆರೆಯಿಂದ ಬಾವಿಯವರೆಗೆ ನೀರಿನ ಹನಿ. ನೋಡಿದವರೇ, "ಕೆರೆ ನೀರು ಸುರಿದು ಸರ್ಕಾರಕ್ಕೆ ನಾಮ ಹಾಕ್ತೀರೇನ್ರೀ?" ಎಂದರು. ಸುರಿದವರು ಯಾರೆಂದು ಕೇಳಿದರು. ನೀನು ನನ್ನ ಮುಖ ನೋಡಿದೆ. ನಾನು ಸೆರಗು ಬಾಯಿಗೆ ಹಿಡಿದೆ. ಆಗ ನೀನು, "ನಾನೇ ಸ್ವಾಮಿ, ನಾನೇ ಸುರಿದಿದ್ದು" ಎಂದುಬಿಟ್ಟೆ. ಅವರು ಹಾಗೆಯೇ ಬರೆದುಕೊಂಡು, ಮೋಸದ ಕೇಸು, ಜೈಲೇ ಗತಿ ಎಂದು ಹೋದರು. ದೀಪ ಹಚ್ಚುವ ಹೊತ್ತಿಗೆ ನೀನು ಊರಲ್ಲೇ ಇರಲಿಲ್ಲ.

ವ್ರತಕ್ಕಾಗಿ ಸುಮ್ಮನಿದ್ದೆ ಎಂದುಕೊಂಡೆಯೇನೋ. ಪೂರ್ತಿ ನಿಜವಲ್ಲ. ಗಂಡ ಬಿಟ್ಟು ತವರಿಗೆ ಬಂದವಳು ನಾನು. ವ್ರತ ಮುರಿದು ಮಾತಾಡಿ, ನಾಳೆ ನೀರು ಬತ್ತಿದರೆ ಊರವರು ನನ್ನ ಕಾಲ್ಗುಣ ಅನ್ನುತ್ತಾರೆಂಬ ಹೆದರಿಕೆ. ನಿನ್ನ ಮಾನಕ್ಕಿಂತ ನನಗೆ ಅದೇ ದೊಡ್ಡದಾಯಿತು.

ನಿನ್ನೆ ಮುಳಬಾಗಿಲಿಗೆ ನಡೆದು ಹೋದೆ. ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರ ಎದುರು ನಿಂತು ಎಲ್ಲ ಹೇಳಿದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅನ್ನೋ ಹಾಗೆ, ಮೂರು ಕೊಡದಲ್ಲಿ ಬಾವಿ ತುಂಬುತ್ತದೆಯೇ ಎಂದೆ. ಮೂರೋ ಮುನ್ನೂರೋ ನಾನೇನು ಕಂಡೆ ಎಂದರು. ಕೊನೆಗೆ, ಬಾವಿ ಪೂರ್ತಿ ಬರಿದು ಮಾಡಿಸುತ್ತೇನೆ, ಸಂಜೆಯೊಳಗೆ ತಾನಾಗಿ ನೀರು ಬಂದರೆ ಹಣ, ಬಾರದಿದ್ದರೆ ಕೇಸು ಎಂದರು. ಆಮೇಲೆ ತಲೆಯೆತ್ತಿ, "ಕೇಸು ಯಾರ ಮೇಲಮ್ಮ?" ಎಂದು ಕೇಳಿದರು.

ಇವತ್ತು ಬೆಳಗ್ಗೆ ಪಕ್ಕದ ಹೊಲದ ದೊಡ್ಡಮುನಿಯಪ್ಪ ತನ್ನ ಎತ್ತು ಹೂಡಿ ಕಪಿಲೆ ಹೊಡೆದು ಬಾವಿಯ ನೀರೆಲ್ಲ ಎತ್ತಿಹಾಕಿದ. ಹತ್ತು ಗಂಟೆಗೆ ತಳದ ಬಂಡೆ ಕಂಡಿತು. ಕಚೇರಿಯ ಜವಾನ ಕಾವಲಿಗೆ ದಡದಲ್ಲೇ ಕೂತಿದ್ದಾನೆ. ನಮ್ಮ ಮನೆಯವರು ಹತ್ತಿರ ಸುಳಿಯುವ ಹಾಗಿಲ್ಲ. ಬಂಡೆ ಸಂದಿನಲ್ಲಿ ತೇವ ಇದೆ ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು. ಐದು ಗಂಟೆಗೆ ಅಮಲ್ದಾರರು ಬರುತ್ತಾರೆ. ಯಲ್ದೂರಿನ ಗಾಡಿ ಈಗಲೇ ಹೊರಡುತ್ತಿದೆ, ಅಲ್ಲಿಯವರೆಗೆ ಕಾಯುವ ಹಾಗಿಲ್ಲ.

ನೀರು ಬಂತೋ ಇಲ್ಲವೋ ಎಂದು ಯಾರನ್ನೂ ವಿಚಾರಿಸುತ್ತಾ ಕೂರಬೇಡ, ಹೊರಟು ಬಾ. ಇನ್ಸ್‌ಪೆಕ್ಟರು ಬರೆದುಕೊಂಡಿದ್ದ ಆ ಕಾಗದದಲ್ಲಿ ನಿನ್ನ ಹೆಸರು ಹೊಡೆಸಿ ನನ್ನದು ಬರೆಸಿದ್ದೇನೆ. ಕೆಳಗೆ ರುಜುವನ್ನೂ ಹಾಕಿದ್ದೇನೆ.

ನಿನ್ನ ಹೊಟ್ಟೆ ತಣ್ಣಗಿರಲಿ, ಮಗನೇ.

ನಿನ್ನ ಅಕ್ಕ,
ಶಾಮಲಮ್ಮ