ಪಿಕಪ್ ತೆಗೆಸಿದ್ದೇನೆ

೨೧-೧೧-೨೦೨೪, ಗುರುವಾರ

ಚಿ. ಸೌ. ನೇತ್ರಾವತಿಗೆ,

ಕಾರಿನ ಕೀಲಿಗಳು ಎರಡು. ಎರಡನ್ನೂ ಈ ಚೀಟಿಯ ಮೇಲೆ ಇಟ್ಟು, ಮೊದಲ ಬಸ್ಸಿಗೆ ಕೆರೆಬಿಳಚಿಗೆ ಹೊರಟಿದ್ದೇನೆ. ಗಂಡನೆಂದು ಮಾಲತೇಶ ಕೇಳಿದರೂ ಕೊಡಬೇಡ. ಸಂಜೆ ನನ್ನನ್ನು ಕೇಳಲಿ.

ನಿನ್ನೆ ಕಾರನ್ನು ಹೊನ್ನಾಳಿಗೆ ಒಯ್ದದ್ದು ಬ್ರೇಕ್ ತೋರಿಸಲು ಅಲ್ಲ. ಇಪ್ಪತ್ತು ವರ್ಷದ ಹಳೆಯ ಕಾರಿಗೆ ಪಿಕಪ್ ಹೆಚ್ಚಲೆಂದು ನಿನ್ನ ಗಂಡ ಎಂಜಿನ್ನಿನ ಕಂಪ್ಯೂಟರ್ ಚಿಪ್‌ನಲ್ಲಿ ಬರೆಸಿದ್ದ ಪ್ರೋಗ್ರಾಂ ಅಳಿಸಿ, ಕಂಪನಿಯದನ್ನೇ ಮತ್ತೆ ಬರೆಸಿದೆ. ಮೆಕ್ಯಾನಿಕ್ ಲ್ಯಾಪ್‌ಟಾಪ್ ನೋಡಿ ನಕ್ಕ: "ಯಜಮಾನ್ರೆ, ಇದು ಕಾಲು ತೋರ್ಸಿದ್ರೇ ನೆಗೀತೈತೆ! ಇಂಥದ್ನ ನಿಮ್ ಸೊಸೆ ಇಷ್ಟು ದಿನ ಹೆಂಗ್ ಹಿಡ್ದು ಓಡ್ಸಿದ್ರು?"

ಏರು ಹತ್ತುವಾಗ ಈಗ ತುಸು ಮಂದವೆನಿಸೀತು. ಹೆದರಬೇಡ, ಗೇರ್ ಇಳಿಸು.

ದೃಷ್ಟಿಯಾಗಿದೆಯೆಂದು ನಿನ್ನ ಅತ್ತೆ ಬಂಪರಿಗೆ ಕಟ್ಟಿದ ನಿಂಬೆಹಣ್ಣನ್ನು ಬಿಚ್ಚಬೇಡ. ಕಾರು ಸರಿಹೋದದ್ದು ಅದರಿಂದಲೇ ಎಂದು ಅವಳು ನಂಬಿದರೆ ನಮಗೇನೂ ನಷ್ಟವಿಲ್ಲ.

ಇಂದು ತ್ಯಾವಣಿಗೆಯ ಆಸ್ಪತ್ರೆಯ ಡ್ಯೂಟಿಗೆ ಬಸ್ಸು ಕಾಯಬೇಡ. ಕಾರಿನಲ್ಲೇ ಹೋಗು, ಸೂಳೆಕೆರೆ ಏರಿಯ ಮೇಲೆಯೇ ಹೋಗು.

ಅಂದು ಆ ಏರಿಯ ಮೇಲೆ ಕಾರು ತಡೆಗೋಡೆಯತ್ತ ನೆಗೆದಾಗ, "ನಿಂಗೆ ಓಡ್ಸಾಕೆ ಬರಲ್ಲ, ಸುಮ್ನೆ ಮನೇಲಿ ನಿಲ್ಸು" ಎಂದು ಮಾಲತೇಶ ಗದರಿದ. ಹಿಂದಿನ ಸೀಟಿನಲ್ಲಿದ್ದ ನಾನು ಬಾಯಿ ಬಿಡಲಿಲ್ಲ. ಆಡಬೇಕಾದ ಒಂದು ಮಾತು ಅಂದಿನಿಂದ ಬಾಕಿ ಉಳಿದಿದೆ: ತಪ್ಪು ನಿನ್ನದಲ್ಲ. ಇದನ್ನು ಬರೆದ ಮಾತ್ರಕ್ಕೆ ಬಾಕಿ ತೀರದು. ಸಂಜೆ ಅವನೆದುರು ಬಾಯಿಬಿಟ್ಟು ಹೇಳಿದ ಮೇಲೆ ಚುಕ್ತಾ.

ನಿನ್ನ ಮಾವ,
ಜುಂಜಪ್ಪ