ಮೀನಿನ ದೀಪಕ್ಕೆ ಹೊದಿಸಿದ ಟವೆಲ್

ಅತ್ತೆ,

ನೀವು ಮಗಳ ಮನೆಗೆ ಹೊರಟ ಬೆಳಿಗ್ಗೆ ಮೀನಿನ ತೊಟ್ಟಿಯಿಂದ ಸುಟ್ಟ ವಾಸನೆ ಬಂತು. ಬೆಳಕಿದ್ದರೆ ಮೀನುಗಳಿಗೆ ನಿದ್ದೆ ಬರಲ್ಲ, ದೀಪ ಆರಿಸಿದರೆ ಹೆದರುತ್ತವೆ ಅಂತ ನೀವು ದೀಪಕ್ಕೆ ಹೊದಿಸಿದ್ದ ಟವೆಲ್ ಕರಕಲಾಗಿತ್ತು. ಬೆಂಕಿ ಹತ್ತುವ ಮುಂಚೆ ಪ್ಲಗ್ ಕಿತ್ತೆ. ಮೀನುಗಳು ಚೆನ್ನಾಗಿವೆ.

ತೊಟ್ಟಿಯನ್ನೇ ಯಾರಿಗಾದರೂ ಕೊಟ್ಟುಬಿಡೋಣ ಅಂತ ನಿಮ್ಮ ಮಗ ಪಟ್ಟು ಹಿಡಿದರು. ಆಗಲ್ಲ ಅಂದೆ. ಮಾವ ಹೋದ ಮೇಲೆ ನೀವು ಮನಸ್ಸು ಬಿಚ್ಚಿ ಮಾತಾಡೋದು ಆ ಮೀನುಗಳ ಹತ್ತಿರ ಮಾತ್ರ.

ಹಳೇ ಬಲ್ಬು ತೆಗೆಸಿ, ಅಷ್ಟು ಬಿಸಿಯಾಗದ ಎಲ್‌ಇಡಿ ಹಾಕಿಸಿದ್ದೇನೆ. ಅದರ ಮೇಲೂ ಏನೂ ಹೊದಿಸಬೇಡಿ, ಕರವಸ್ತ್ರ ಕೂಡ. ವೈರನ್ನು ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟಿದ್ದೇನೆ, ಅದರ ಮೇಲೆ ನೀರು ಇಳಿದರೆ ಪ್ಲಗ್ಗಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕಲಿ ಅಂತ. ನೋಡೋಕೆ ಚೆನ್ನಾಗಿಲ್ಲ ಅಂತ ಎತ್ತಿ ಕಟ್ಟಬೇಡಿ. ಈ ವಿಷಯದಲ್ಲಿ ನಿಮ್ಮ ಮಾತು ನಡೆಯಲ್ಲ.

ಮಲಗುವಾಗ ದೀಪ ಆರಿಸಿಬಿಡಿ. ಮೀನು ಕತ್ತಲಿಗೆ ಹೆದರಲ್ಲ. ನಿಮಗೆ ಹೆದರಿಕೆ ಅನ್ನಿಸಿದರೆ ನನ್ನನ್ನು ಎಬ್ಬಿಸಿ.

ಇನ್ನೊಂದು ಮಾತು. ಟವೆಲ್ ಹೊದಿಸಿದ್ದು ನಾನೇ ಅಂತ ನಿಮ್ಮ ಮಗನಿಗೆ ಹೇಳಿದ್ದೇನೆ. ಬೈಸಿಕೊಂಡೂ ಆಯಿತು. ನೀವು ಬಂದು ಬಾಯಿ ಬಿಟ್ಟು ಎಲ್ಲ ಕೆಡಿಸಬೇಡಿ.

ನಿಮ್ಮ ಸೊಸೆ